ಬದಲಿ ನಾಡಿ

ಹೆಬ್ಬಾತುಗಳ ಎದೆಬಡಿತ ಹುಲ್ಲಗಟ್ಟಿಯ ಮಕ್ಕಳ ಮುಂಗೈಗೆ ಬಂದು ಆರು ವರ್ಷವಾಗಿತ್ತು. ಮೊದಲ ವರ್ಷ ಸತ್ತ ಒಂದು ಹಕ್ಕಿಯನ್ನು ಬಿಟ್ಟರೆ ಆಮೇಲೆ ಆ ಊರಿನ ಯಾವ ಮಗುವಿನ ಹಕ್ಕಿಯೂ ಸತ್ತಿರಲಿಲ್ಲ. ಊರವರೆಲ್ಲ ಹಾಗೇ ನಂಬಿದ್ದರು. ಅದು ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಒಬ್ಬರು ಕೆರೆದಂಡೆಯ ಸಂಶೋಧನಾ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಗಲಗಲಿ. ಇನ್ನೊಬ್ಬಳು ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುವ ದಾಕ್ಷಾಯಣಿ. ಆ ಸುಳ್ಳನ್ನು ಕಟ್ಟಿದವಳು ಅವಳೇ.

ಗದಗ ಸೀಮೆಯ ಎರೆನೆಲದ ನಡುವಿನ ಈ ಕೆರೆಗೆ ಪ್ರತಿವರ್ಷ ದೀಪಾವಳಿ ಮುಗಿಯುತ್ತಲೇ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ. ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತ ಕಳೆದು, ಹೊತ್ತಿಳಿದ ಮೇಲೆ ಹೊಲಗಳಿಗೆ ಹೋಗಿ ಕಡಲೆ ಮೇಯುತ್ತವೆ. ಯುಗಾದಿಯ ಹೊತ್ತಿಗೆ ಬಡಗಣಕ್ಕೆ ಹಾರಿಹೋಗುತ್ತವೆ. "ನಮ್ಮ ಮಕ್ಕಳು ಇವನ್ನ ನೋಡಿ ಖುಷಿಪಡ್ತಾವ, ಆದ್ರ ಇವು ನಮ್ಮವು ಅಂತ ಅವಕ್ಕ ಅನಸೂದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು?" ಎಂದು ಗಲಗಲಿಯವರು ಮೊದಲ ದಿನ ಶಾಲೆಯ ಅಂಗಳದಲ್ಲಿ ನಿಂತು ಕೇಳಿದ್ದರು.

ಅವರು ತಂದ ಉಪಾಯ ಸರಳವಾಗಿತ್ತು. ಹಕ್ಕಿಯ ಕಾಲಿಗೆ ತೆಳ್ಳನೆಯ ಒಂದು ಉಂಗುರ. ಅದರೊಳಗೆ ರಕ್ತದ ಓಟವನ್ನು ಅರಿಯುವ, ಕಡಲೆಕಾಳಿನಷ್ಟು ದೊಡ್ಡ ಯಂತ್ರ. ಅದು ಕಳಿಸುವ ಸಂಕೇತ ಉಪಗ್ರಹದ ಮೂಲಕ ಕೇಂದ್ರಕ್ಕೆ ಬಂದು, ಅಲ್ಲಿಂದ ಮಗುವಿನ ಮುಂಗೈಯ ಪಟ್ಟಿಗೆ ಹೋಗುತ್ತದೆ. ಹಕ್ಕಿಯ ಎದೆ ನಾಲ್ಕು ಸಲ ಬಡಿದರೆ ಪಟ್ಟಿ ಒಂದು ಸಲ ಮೆಲ್ಲಗೆ ಒತ್ತುತ್ತದೆ. ಮಗು ಉಣ್ಣುವಾಗ, ಓದುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ದೂರದ ಒಂದು ಎದೆ ಅದರ ಕೈಯಲ್ಲಿ ಮಿಡಿಯುತ್ತಿರುತ್ತದೆ. ಹಕ್ಕಿ ಹಿಮದ ಬೆಟ್ಟ ಹತ್ತುವಾಗ ಪಟ್ಟಿ ಓಡತೊಡಗುತ್ತದೆ, ಮಗು ಆಟ ಬಿಟ್ಟು ಕೂತುಬಿಡುತ್ತದೆ.

ಆ ಮೊದಲ ವರ್ಷ ಮಕ್ಕಳನ್ನು ನೋಡಬೇಕಿತ್ತು. ಬೆಳಕು ಹರಿಯುವ ಮೊದಲೇ ಎದ್ದು ದಂಡೆಯ ಮೇಲಿನ ನಾಯಿಗಳನ್ನು ಅಟ್ಟುವುದೇನು, ಕೆರೆಯಲ್ಲಿ ಟ್ರ್ಯಾಕ್ಟರ್ ತೊಳೆಯಲು ಬಂದವರಿಗೆ ಅಡ್ಡ ನಿಲ್ಲುವುದೇನು, ಮದುವೆ ಮನೆಯಲ್ಲಿ ಪಟಾಕಿ ಬೇಡವೆಂದು ಬೀಗರ ಕಾಲು ಹಿಡಿಯುವುದೇನು! ದಾಕ್ಷಾಯಣಿಯ ಮಗಳು ನಿಂಬೆವ್ವನಿಗೆ ಆಗ ಐದು ವರ್ಷ. ಸತ್ತ ಅಜ್ಜಿಯ ಹೆಸರು ಹೊತ್ತ ಆ ಹುಡುಗಿ ತನ್ನ ಹಕ್ಕಿಗೆ ಗುಲಗಂಜಿ ಎಂದು ಹೆಸರಿಟ್ಟು, ದಿನಾ ತಟ್ಟೆಯಲ್ಲಿ ಅದಕ್ಕೊಂದು ತುತ್ತು ತೆಗೆದಿಟ್ಟೇ ಉಣ್ಣುತ್ತಿದ್ದಳು.

ಆ ಚೈತ್ರದಲ್ಲಿ ಫಕೀರೇಶ ಎಂಬ ಎಂಟು ವರ್ಷದ ಹುಡುಗನ ಹಕ್ಕಿ ಬೆಟ್ಟ ದಾಟುವಾಗ ಸತ್ತಿತು. ಪಟ್ಟಿ ನಿಂತದ್ದು ಗೊತ್ತಾದ ಗಳಿಗೆಯಿಂದ ಹುಡುಗ ಕೆರೆಯ ಕಡೆ ಮುಖ ಮಾಡಿ ಕೂತ. ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಜ್ವರ ಏರಿ ದವಾಖಾನೆ ಸೇರಿದ. ಅವನು ಬದುಕಿಕೊಂಡ, ಆದರೆ ಊರು ಹೆದರಿತು. ಹೆಂಗಸರು ತಮ್ಮ ಮಕ್ಕಳ ಪಟ್ಟಿಗಳನ್ನು ಬಿಚ್ಚಿ ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಕೇಂದ್ರದ ಬಾಗಿಲಲ್ಲಿ ಇಳಿಸಿದರು. "ಬ್ಯಾಡ್ರಿ ಸಾಹೇಬ್ರ ಈ ಉಸಾಬರಿ. ಹಕ್ಕಿ ಉಳಸಾಕ ಹೋಗಿ ನಮ್ಮ ಕೂಸು ಕಳಕೊಳ್ಳೂದೇನು?"

ಗಲಗಲಿಯವರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ದಾಕ್ಷಾಯಣಿಯೇ ಬಾಯಿಬಿಟ್ಟಳು. "ಸರ್, ನಾವು ಇನ್ನೂರು ಹಕ್ಕಿಗೆ ಉಂಗುರ ಹಾಕೀವಿ. ಮಕ್ಕಳು ಅರವತ್ನಾಕು. ಉಳಿದ ಹಕ್ಕಿ ಎದಿ ಯಾರ ಕೈಯಾಗೂ ಬಡಿಯಾಕತ್ತಿಲ್ಲ. ಒಂದು ಸತ್ತರ ಇನ್ನೊಂದನ್ನ ಜೋಡಿಸಿದ್ರಾತು. ಕೂಸಿಗೆ ಗೊತ್ತಾಗಂಗಿಲ್ಲ."

"ಒಂದೊಂದರ ಬಡಿತ ಒಂದೊಂದು ನಮೂನಿ ಇರ್ತದಲ್ಲ?"

"ಅದನ್ನ ನನಗ ಬಿಡ್ರಿ."

ಅವಳು ಮಾಡಿದ್ದು ಹಾಲಿಗೆ ಹೆಪ್ಪು ಹಾಕುವಂಥ ಕೆಲಸ. ಸತ್ತ ಹಕ್ಕಿಯ ಹಳೆಯ ಬಡಿತವನ್ನು ಯಂತ್ರ ಎರಡು ದಿನ ತಾನೇ ಬಡಿಯುತ್ತಿತ್ತು. ಅದರೊಳಗೆ ಹೊಸ ಹಕ್ಕಿಯ ಬಡಿತವನ್ನು ಚೂರು ಚೂರೇ ಬೆರೆಸಿ, ಮೂರನೆಯ ದಿನಕ್ಕೆ ಪೂರ್ತಿ ಹೊಸದಾಗುವಂತೆ ಮಾಡಿದಳು. ಅದಕ್ಕೆ ಕೇಂದ್ರದ ಕಡತಗಳಲ್ಲಿ ಬದಲಿ ನಾಡಿ ಎಂದು ಹೆಸರು. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಒಂದು ಸಾವು ಮಗುವಿನ ಬಾಳಿನಿಂದ ಹೊರಗೆ ಬರುತ್ತಿತ್ತು. ಫಕೀರೇಶನದೊಂದನ್ನು ಬಿಟ್ಟು ಪಟ್ಟಿಗಳೆಲ್ಲ ಮತ್ತೆ ಮಕ್ಕಳ ಕೈ ಸೇರಿದವು; ದೊಡ್ಡವರಾದವರು ಬಿಟ್ಟದ್ದು ಚಿಕ್ಕವರಿಗೆ ಹೋಗುತ್ತಿತ್ತು. ಊರಲ್ಲಿ ಯಾರೂ ಅಳಲಿಲ್ಲ. ಗುಲಗಂಜಿ ಸತ್ತದ್ದು ಮೂರನೆಯ ವರ್ಷ. ಆ ದಿನ ದಾಕ್ಷಾಯಣಿ ಗುಂಡಿ ಒತ್ತಿ, ಮನೆಗೆ ಬಂದು, ಮಗಳಿಗೆ ನೀರೆರೆದು ತಲೆ ಬಾಚಿದ್ದಳು. ತಾಯಿಯಾಗಿ ತಾನು ಒಳ್ಳೆಯದನ್ನೇ ಮಾಡಿದೆ ಎಂದು ಅವಳಿಗೆ ಅನ್ನಿಸಿತ್ತು.

ಆದರೆ ಮಕ್ಕಳು ಮೊದಲಿನಂತೆ ಉಳಿಯಲಿಲ್ಲ. ಕೇಡಿಗರೇನೂ ಆಗಲಿಲ್ಲ, ನಿಶ್ಚಿಂತರಾದರು. ನಾಯಿ ಅಟ್ಟುವವರು ಕಡಿಮೆಯಾದರು. ಕೆರೆಯ ಕಾವಲುಗಾರ ಕರೆದರೆ "ಪಟ್ಟಿ ಬಡೀತೈತಲ್ಲ ಕಾಕಾ, ಏನಾಗೈತಿ?" ಎಂದು ಆಟಕ್ಕೆ ಓಡುತ್ತಿದ್ದರು. ಎಂದೂ ಸಾಯದ ಹಕ್ಕಿಯನ್ನು ಯಾರಾದರೂ ಯಾಕೆ ಕಾಯಬೇಕು? ಮಕ್ಕಳ ಲೆಕ್ಕ ಸರಿಯಾಗಿಯೇ ಇತ್ತು.

ಆರನೆಯ ವರ್ಷ ಹಿಂಗಾರಿ ಮಳೆ ತಡವಾಯಿತು. ಹಕ್ಕಿಗಳು ಬಂದಿಳಿದ ಮೇಲೆ ಬಿತ್ತನೆ ಶುರುವಾಯಿತು. ಅದೇ ವರ್ಷ ಒಂದು ಬೀಜದ ಕಂಪನಿ ಕೆರೆಯ ಸುತ್ತಲಿನ ಇಪ್ಪತ್ತು ಹೊಲಗಳಿಗೆ ಪರೀಕ್ಷೆಗೆಂದು ಹೊಸ ಕಡಲೆ ಬೀಜ ಕೊಟ್ಟಿತ್ತು. ಹಸಿರು ಲೇಪ ಬಳಿದ ಬೀಜ. ಹುಳ ಮುಟ್ಟುವುದಿಲ್ಲ, ಬೇರು ಕೊಳೆಯುವುದಿಲ್ಲ. ದಾಕ್ಷಾಯಣಿಯ ಗಂಡ ಈರಣ್ಣನೂ ತನ್ನ ನಾಲ್ಕು ಎಕರೆಗೆ ಅದನ್ನೇ ಬಿತ್ತಿದ.

ಕೇಂದ್ರದ ಪರದೆಯ ಮೇಲೆ ದಾಕ್ಷಾಯಣಿ ನೋಡಿದಳು. ಸಂಜೆ ಆ ಹೊಲಗಳಲ್ಲಿ ಮೇದ ಹಕ್ಕಿಯ ಎದೆ ಮರುದಿನ ನಿಧಾನವಾಗುತ್ತಿತ್ತು, ಅದರ ಮರುದಿನ ನಿಲ್ಲುತ್ತಿತ್ತು. ಸತ್ತವು ಜೊಂಡಿನೊಳಗೆ ಬೀಳುತ್ತಿದ್ದವು, ಉಳಿದದ್ದನ್ನು ನರಿ ನಾಯಿಗಳು ಮುಗಿಸುತ್ತಿದ್ದವು. ಊರವರ ಕಣ್ಣಿಗೆ ಬಿದ್ದದ್ದು ಎಲ್ಲೋ ಒಂದೆರಡು. ಅವಳು ಬದಲಿಸಿದಳು, ಮತ್ತೆ ಬದಲಿಸಿದಳು. ಮಾಘ ಮಾಸ ಬರುವಷ್ಟರಲ್ಲಿ ಬದಲಿಗೆ ಉಳಿದ ಹಕ್ಕಿಗಳು ಮುಗಿದವು. ಆಮೇಲೆ ಬೇರೆ ದಾರಿ ಕಾಣದೆ ಒಂದೇ ಹಕ್ಕಿಯ ಬಡಿತವನ್ನು ಇಬ್ಬರು ಮಕ್ಕಳಿಗೆ, ಮೂವರಿಗೆ, ಕೊನೆಗೆ ಏಳು ಜನಕ್ಕೆ ಹಂಚಿದಳು. ಗಲಗಲಿಯವರು ಬೀಜದ ಬಗ್ಗೆ ಮೇಲಿನವರಿಗೆ ಎರಡು ಪತ್ರ ಬರೆದರು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಉತ್ತರ ಬಂತು.

ಆ ಶನಿವಾರ ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಅಂಗಳದಲ್ಲಿ ನಿಂಬೆವ್ವ ಮತ್ತು ಅವಳ ಗೆಳತಿ ಶಮಶಾದ ಫುಗಡಿ ಆಡುತ್ತಿದ್ದರು. ಕೈಗೆ ಕೈ ಅಡ್ಡ ಹಿಡಿದು, ಪಾದ ಜೋಡಿಸಿ, ಜಡೆ ಹಾರುವಂತೆ ಗರಗರ ತಿರುಗುತ್ತಿದ್ದವರು ಇದ್ದಕ್ಕಿದ್ದಂತೆ ನಿಂತುಬಿಟ್ಟರು. ಇಬ್ಬರ ಮುಂಗೈಯೂ ಒಂದಕ್ಕೊಂದು ತಗುಲಿತ್ತು. ನಿಂಬೆವ್ವ ಉಸಿರು ಬಿಗಿಹಿಡಿದು ಎಣಿಸಿದಳು, ಶಮಶಾದ ಕಣ್ಣು ಮುಚ್ಚಿ ಎಣಿಸಿದಳು.

"ಅವ್ವಾ, ಬಾ ಇಲ್ಲೆ. ಹಿಡಿದು ನೋಡು," ಎಂದು ಮಗಳು ಕರೆದಳು. "ನಮ್ಮಿಬ್ಬರ ಹಕ್ಕಿ ಕೂಡೇ ಬಡಿಯಾಕತ್ತಾವು. ಒಂದು ಗುಲಗಂಜಿ ತೂಕದಷ್ಟೂ ಹಿಂದ ಮುಂದ ಇಲ್ಲ. ಅವೂ ನಮ್ಮಂಗ ಗೆಳತ್ಯಾರಾಗ್ಯಾವು."

ಗೆಳತಿಯರಿಗೆ ಒಂದೇ ಹಕ್ಕಿ ಕೊಡಬಾರದೆಂದು ದಾಕ್ಷಾಯಣಿಯೇ ಮಾಡಿಕೊಂಡ ಕಟ್ಟಳೆ ಅವಸರದಲ್ಲಿ ಮರೆತುಹೋಗಿತ್ತು. ದಾಕ್ಷಾಯಣಿ ಎರಡು ಸಣ್ಣ ಕೈಗಳನ್ನು ಹಿಡಿದುಕೊಂಡು ನಿಂತಳು. ಅಪರಿಚಿತ ಹಕ್ಕಿಯೊಂದರ ಎದೆ ಎರಡೂ ಕಡೆ ಒಂದೇ ಸಮನೆ ಒತ್ತುತ್ತಿತ್ತು. ಮಕ್ಕಳ ಮುಖದಲ್ಲಿದ್ದ ಹಿಗ್ಗು ನೋಡಲಾರದೆ ಒಲೆ ಹೊತ್ತಿಸುವ ನೆಪದಲ್ಲಿ ಒಳಗೆ ಹೋದಳು.

ಊಟಕ್ಕೆ ಕೂತಾಗ ಈರಣ್ಣ ಹೇಳಿದ. "ಸೋಮವಾರ ಗ್ರಾಮಸಭಾ ಐತಿ. ಹಸಿರು ಬೀಜ ಬರೂ ವರ್ಷ ಇಡೀ ಊರಿಗೇ ಬೇಕೋ ಬ್ಯಾಡೋ ಅಂತ. ಮಕ್ಕಳ ಪರವಾಗಿ ನಮ್ಮ ನಿಂಬಿನ ಎದ್ದು ಮಾತಾಡ್ತಾಳ."

ಆ ಕಾಲಕ್ಕೆ ಹೊಸ ಕಾಯ್ದೆಯೊಂದು ಬಂದಿತ್ತು. ಕೆರೆ, ಕಾಡು, ಗೋಮಾಳಕ್ಕೆ ಸಂಬಂಧಪಟ್ಟ ಯಾವ ನಿರ್ಣಯಕ್ಕೂ ಮೊದಲು ಊರಿನ ಮಕ್ಕಳ ಸಾಕ್ಷಿ ಕೇಳಬೇಕು, ಅದನ್ನು ಮೀರಬಾರದು. ಪಟ್ಟಿ ಕಟ್ಟಿದ ಮಕ್ಕಳ ಮಾತೆಂದರೆ ಹಕ್ಕಿಯೇ ಬಂದು ಹೇಳಿದಂತೆ ಎಂಬುದು ಹುಲ್ಲಗಟ್ಟಿಯವರ ಹೆಮ್ಮೆ.

"ಏನ ಹೇಳ್ತಿ?" ಎಂದು ದಾಕ್ಷಾಯಣಿ ಮಗಳನ್ನು ಕೇಳಿದಳು.

"ಇದ್ದದ್ದ ಹೇಳ್ತೀನಿ. ಅರವತ್ತಮೂರು ಪಟ್ಟೀನೂ ನಾನ ಮುಟ್ಟಿ ನೋಡೀನಿ. ಒಂದು ಹಕ್ಕೀನೂ ಸತ್ತಿಲ್ಲ. ಬೀಜ ಬಿತ್ತಿದ್ರ ಏನೂ ಆಗಂಗಿಲ್ಲ ಅಂತೀನಿ."

ಮರುದಿನ ಭಾನುವಾರವಾದರೂ ದಾಕ್ಷಾಯಣಿ ಕೇಂದ್ರಕ್ಕೆ ಹೋದಳು. ಗಲಗಲಿಯವರು ಕಿಟಕಿಯ ಬಳಿ ಕೂತು ಕೆರೆ ನೋಡುತ್ತಿದ್ದರು. ಹೋದ ವರ್ಷ ನೀರೇ ಕಾಣದಷ್ಟು ಹಕ್ಕಿಗಳಿದ್ದ ಕಡೆ ಈಗ ನೀರು ಧಾರಾಳವಾಗಿ ಕಾಣುತ್ತಿತ್ತು.

"ಎಲ್ಲಾ ಬದಲಿ ತಗದಬಿಡೂಣ್ರಿ ಸರ್," ಎಂದಳು.

"ತಗದ್ರ ನಲವತ್ತೆರಡು ಮಕ್ಕಳ ಕೈಯಾಗ ಒಮ್ಮೆಲೇ ಬಡಿತ ನಿಲ್ತದ. ಫಕೀರೇಶನ್ನ ಮರತ್ರೇನು? ಅಂವ ಒಬ್ಬ ಇದ್ದ."

"ಮರತಿಲ್ರಿ. ಆದ್ರ ಅಂವ ಅತ್ತ. ಅಳಬೇಕಾಗಿತ್ತು, ಅತ್ತ. ನಾವು ಉಳಿದವರಿಗೆ ಅಳಾಕ ಬಿಡ್ಲಿಲ್ಲ. ನಾಳೆ ನನ್ನ ಮಗಳು ಸಭಾದಾಗ ಎದ್ದು ನಿಂತು, ಉಳಿದ ಹಕ್ಕಿ ಕೊಲ್ರಿ ಅಂತ ಹೇಳಾಕಿ ಅದಾಳ. ಅದೂ ಅವುಗಳ ಮ್ಯಾಲಿನ ಪ್ರೀತೀಲೆ."

"ನಾ ಸಭಾಕ್ಕ ಹೋಗಿ ಬೀಜದ ವಿರುದ್ಧ ಮಾತಾಡ್ತೀನಿ. ಅಷ್ಟ ಸಾಕಾಗ್ತದ."

"ನಿಮ್ಮ ಮಾತಿಗಿಂತ ಮಕ್ಕಳ ಪಟ್ಟಿ ದೊಡ್ಡದು ಅಂತ ಕಾಯ್ದೆ ಮಾಡ್ಯಾರಲ್ರಿ."

ಬದಲಿ ನಾಡಿಯನ್ನು ತೆಗೆಯಲು ಇಬ್ಬರ ಹೆಬ್ಬೆರಳಿನ ಗುರುತೂ ಬೇಕಿತ್ತು. ಅವಳು ತನ್ನದನ್ನು ಒತ್ತಿದಳು. ಗಲಗಲಿಯವರು ಕೈ ಮುಂದೆ ಮಾಡಲಿಲ್ಲ. "ನನ್ನಿಂದ ಆಗೂದಿಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ದಾಕ್ಷಾಯಣಿ ಅವರನ್ನು ಬೈಯಲಿಲ್ಲ. ಆರು ವರ್ಷ ತನಗೂ ಆಗಿರಲಿಲ್ಲವಲ್ಲ.

ಮನೆಯಲ್ಲಿ ನಿಂಬೆವ್ವ ಕಟ್ಟೆಯ ಮೇಲೆ ಕೂತು ಮರುದಿನದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ದಾಕ್ಷಾಯಣಿ ಪಕ್ಕದಲ್ಲಿ ಕೂತಳು. ಸುತ್ತಿ ಬಳಸಿ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮಗಳ ಮುಖ ನೋಡುತ್ತಲೇ ಹಾರಿಹೋಯಿತು.

"ನಿಂಬೀ, ಗುಲಗಂಜಿ ಸತ್ತೈತಿ."

ಹುಡುಗಿ ಮೊದಲು ಪಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ನಕ್ಕಳು. "ಇಲ್ಲಬೇ. ಬಡೀತೈತಿ."

"ಅದು ಬ್ಯಾರೆ ಹಕ್ಕಿದು. ಶಮಶಾದನ ಕೈಯಾಗ ಇರೂದೂ ಅದನ. ಗುಲಗಂಜಿ ಸತ್ತು ಮೂರು ವರ್ಷಾತು." ಉಳಿದದ್ದನ್ನೂ ಹೇಳಿದಳು. ಯಾರು ಬದಲಿಸಿದ್ದು, ಯಾಕೆ, ಹೇಗೆ, ಎಷ್ಟು ಸತ್ತವು, ಯಾವ ಹೊಲದಲ್ಲಿ ಮೇದು. ಏನನ್ನೂ ಮುಚ್ಚಿಡಲಿಲ್ಲ.

ನಿಂಬೆವ್ವ ಪಟ್ಟಿಯ ಮೇಲಿದ್ದ ಬೆರಳು ತೆಗೆದಳು. ಕೊನೆಗೆ ಕೇಳಿದ್ದು ಒಂದೇ. "ಅದು ಸತ್ತ ದಿನ ನಾ ಏನ ಮಾಡಾಕತ್ತಿದ್ದೆ?"

ದಾಕ್ಷಾಯಣಿಗೆ ಸುಳ್ಳು ಹೇಳಲು ಶಕ್ತಿಯಿರಲಿಲ್ಲ. "ನಿನಗ ಎರದು ತಲಿ ಬಾಚಿದ್ದೆ. ನೀ ಹಾಡ ಹೇಳಾಕತ್ತಿದ್ದಿ."

"ನಾ ಹಾಡ ಹೇಳಾಕತ್ತಿದ್ದೆ," ಎಂದು ಹುಡುಗಿ ನಿಧಾನವಾಗಿ ಹೇಳಿ, ತಾಯಿ ಚಾಚಿದ ಕೈಯನ್ನು ಬದಿಗೆ ಸರಿಸಿ ಎದ್ದಳು. ಮೂರು ವರ್ಷದ ಅಳು ಅವಳಿಗೆ ಬಾಕಿಯಿತ್ತು. ಅದನ್ನು ತಾಯಿಯ ಎದುರು ಅಳಲು ಅವಳು ಒಪ್ಪಲಿಲ್ಲ. ಹಿತ್ತಲಿನ ಬಾಗಿಲು ಹಾಕಿಕೊಂಡಳು.

ಸೋಮವಾರ ಮುಂಜಾನೆ ಶಾಲೆಯ ಅಂಗಳದಲ್ಲಿ ಸಭೆ ಕೂಡಿತು. ಮಕ್ಕಳು ಸಾಲಾಗಿ ಜಮಖಾನೆಯ ಮೇಲೆ ಕೂತಿದ್ದರು. ಅಧ್ಯಕ್ಷರು ನಿಂಬೆವ್ವನ ಹೆಸರು ಕರೆಯುವ ಮೊದಲೇ ದಾಕ್ಷಾಯಣಿ ಎದ್ದು ನಿಂತಳು. ಹಿಂದಿನ ದಿನ ಮಗಳಿಗೆ ಹೇಳಿದ್ದನ್ನೇ ಊರಿಗೆ ಹೇಳಿದಳು. ಮೊದಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಂತೆ ಗದ್ದಲ ಎದ್ದಿತು. "ನಮ್ಮ ಮಕ್ಕಳ ಕೂಡ ಆಟ ಆಡೀಯೇನು?" ಎಂದು ಒಬ್ಬಳು ಕೂಗಿದಳು. "ಈಕಿ ಮಾತು ನಂಬೂದು ಹೆಂಗ? ಪಟ್ಟಿ ಬಡಿಯಾಕತ್ತಾವಲ್ಲ," ಎಂದು ಇನ್ನೊಬ್ಬ ಎದ್ದ.

ಆಗ ಗಲಗಲಿಯವರು ಹಿಂದಿನ ಸಾಲಿನಿಂದ ಎದ್ದು ಬಂದರು. ಅವರಿಗೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಂಡಿತು. "ತಾಯಂದಿರು ದಯಮಾಡಿ ನಿಮ್ಮ ನಿಮ್ಮ ಮಕ್ಕಳ ಹತ್ರ ಕೂಡ್ರಿ," ಎಂದರು. ಎಲ್ಲರೂ ಕೂತ ಮೇಲೆ ದಾಕ್ಷಾಯಣಿ ಕೇಂದ್ರದಿಂದ ತಂದು ಹಿಡಿದಿದ್ದ ಪುಟ್ಟ ಪರದೆಯ ಮೇಲೆ ಹೆಬ್ಬೆರಳು ಒತ್ತಿದರು.

ಯಾವ ಸದ್ದೂ ಆಗಲಿಲ್ಲ. ಮಕ್ಕಳಲ್ಲಿ ಕೆಲವರು ಮುಂಗೈ ನೋಡಿಕೊಂಡರು, ಕೆಲವರು ಪಕ್ಕದವರ ಮುಂಗೈ ನೋಡಿದರು. ಒಂದನೆಯ ಇಯತ್ತೆಯಲ್ಲಿ ಓದುವ ಒಂದು ಕೂಸು ಪಟ್ಟಿಯನ್ನು ಅಲುಗಾಡಿಸಿ ಕಿವಿಗೆ ಹಿಡಿದು, ಮತ್ತೆ ಅಲುಗಾಡಿಸಿತು. ಆಮೇಲೆ ಒಂದು ಕಡೆಯಿಂದ ಅಳು ಶುರುವಾಗಿ ಅಂಗಳದ ತುಂಬ ಹಬ್ಬಿತು. ದೊಡ್ಡವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ನಿಂಬೆವ್ವ ಅಳುತ್ತಿರಲಿಲ್ಲ. ಅವಳ ಕಣ್ಣುಗಳು ಮೊದಲೇ ಬಾತಿದ್ದವು. ಎದ್ದು ಬಂದು ತಾಯಿಯ ಮುಖ ನೋಡದೆ ಕೈ ಚಾಚಿದಳು. "ಸತ್ತಾವಲ್ಲ, ಅವುಗಳ ಯಾದಿ ಕೊಡು. ದಿನಾ ಬರದಿರ್ತಿಯಲ್ಲ, ಅದು."

ಅವಳು ಓದಿದಳು. ಈ ವರ್ಷ ಸತ್ತವುಗಳಿಗೆ ಮಕ್ಕಳು ಇಟ್ಟ ಹೆಸರು, ಸತ್ತ ದಿನ, ಕೊನೆಗೆ ಮೇದ ಹೊಲ. ಮೋತಿ, ಕಾರ್ತೀಕದ ಹುಣ್ಣಿವೆ, ಚಿಕ್ಕಮಠರ ಹೊಲ. ಬಿಳಿಯ, ಅದರ ಮರುದಿನ, ಅದೇ ಹೊಲ. ಓದುತ್ತ ಹೋದಂತೆ ಹೊಲಗಳ ಹೆಸರು ಮತ್ತೆ ಮತ್ತೆ ಅವೇ ಬಂದವು. ಹದಿನೇಳನೆಯ ಹೆಸರಿಗೆ ಬಂದು ತಡೆದಳು. "ನಮ್ಮ ಹೊಲ," ಎಂದಳು.

ಈರಣ್ಣ ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಎದ್ದು ನಿಂತ. "ಬಿತ್ತಿದಾಂವ ನಾನ. ಗೊತ್ತಿರಲಿಲ್ಲ ಅಂತ ಹೇಳಿದ್ರ ಸತ್ತದ್ದು ಎದ್ದು ಬರಂಗಿಲ್ಲ. ಉಳಿದ ಬೀಜ ಇವತ್ತ ತಿರುಗಿ ಕಳಸ್ತೀನಿ," ಎಂದ. ಆಮೇಲೆ ಕೈ ಎತ್ತುವುದಷ್ಟೇ ಬಾಕಿಯಿತ್ತು. ಕೆರೆಯ ಸುತ್ತ ಎರಡು ಹರದಾರಿಯೊಳಗೆ ಹಸಿರು ಬೀಜ ಬೇಡವೆಂದು ನಿರ್ಣಯವಾಯಿತು.

ಊರು ದಾಕ್ಷಾಯಣಿಯನ್ನು ಬೇಗ ಕ್ಷಮಿಸಲಿಲ್ಲ. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮಕ್ಕಳು ಕನವರಿಸಿದರು, ಇಬ್ಬರು ಮಕ್ಕಳು ಜ್ವರದಿಂದ ಮಲಗಿ ಎದ್ದರು. ಆದರೆ ಕೆಲವೇ ದಿನಗಳಲ್ಲಿ ಕಾವಲುಗಾರ ಬಂದು, ಹೊತ್ತು ಮೂಡುವ ಮೊದಲೇ ದಂಡೆಯ ಮೇಲೆ ಮಕ್ಕಳು ಬಂದು ನಿಲ್ಲುತ್ತಿದ್ದಾರೆಂದು ಹೇಳಿದ. ಜೊಂಡಿನೊಳಗೆ ಇಳಿದು ಸತ್ತ ಹಕ್ಕಿಗಳನ್ನು ಹುಡುಕಿ ತಂದು ಮಣ್ಣು ಮಾಡಿದರಂತೆ. ಆ ಗುಂಪಿನ ಮುಂದೆ ನಿಂಬೆವ್ವ ಇದ್ದಳು. ಮನೆಯಲ್ಲಿ ಅವಳು ತಾಯಿಯೊಡನೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಉಣ್ಣುತ್ತೀಯಾ ಅಂದರೆ ಹೂಂ, ಸಾಕೇ ಅಂದರೆ ಸಾಕು. ದಾಕ್ಷಾಯಣಿ ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಆದರೂ ಒಮ್ಮೊಮ್ಮೆ ರೊಟ್ಟಿ ಬಡಿಯುತ್ತಿದ್ದಂತೆ ಕೈ ತಾನಾಗಿ ನಿಂತುಬಿಡುತ್ತಿತ್ತು.

ಯುಗಾದಿಯಾಗಿ ಹಕ್ಕಿಗಳು ಹೊರಟುಹೋದವು. ಇಪ್ಪತ್ತೊಂದು ಮಕ್ಕಳ ಪಟ್ಟಿಗಳು ಮಾತ್ರ ಅವುಗಳ ಬೆನ್ನಿಗೆ ಬಡಿಯುತ್ತಿದ್ದವು. ಮೂರು ವಾರದ ಮೇಲೆ ಒಂದು ದಿನ ಮುಂಜಾನೆ ಪರದೆಯ ಮೇಲೆ ಒಂದು ಬಡಿತದ ಗೆರೆ ನೆಟ್ಟಗೆ ಮಲಗಿತು. ಹಿಮದ ಬೆಟ್ಟದ ಮೇಲೆ, ಬಿರುಗಾಳಿಯಲ್ಲಿ. ಯಾರ ತಪ್ಪೂ ಇರಲಿಲ್ಲ. ಏಳು ವರ್ಷದ ಸಾವಕ್ಕನ ಹಕ್ಕಿ ಅದು. ಪಟ್ಟಿ ನಿಂತದ್ದು ಕೂಸಿಗೆ ತಿಳಿದಿರುತ್ತದೆ, ಆದರೆ ಅದೇನೆಂದು ಯಾರಾದರೂ ಹೋಗಿ ಹೇಳಬೇಕು. ಈಗ ಅದು ದಾಕ್ಷಾಯಣಿಯ ಕೆಲಸ.

ದಾರಿಯಲ್ಲಿ ಮನೆಗೆ ಹೋಗಿ ನೀರು ಕುಡಿದಳು. ಏನಂತ ಶುರು ಮಾಡಲಿ ಎಂದು ತನಗೆ ತಾನೇ ಗೊಣಗುತ್ತಿದ್ದವಳಿಗೆ ಹಿಂದೆ ಮಗಳು ನಿಂತದ್ದು ಗೊತ್ತಾಗಲಿಲ್ಲ.

"ಯಾರದು?" ಎಂದಳು ನಿಂಬೆವ್ವ.

"ಸಾವಕ್ಕಂದು."

ಹುಡುಗಿ ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ. ನಿನಗ ಹೇಳಾಕ ಬರಂಗಿಲ್ಲ."

ಸಾವಕ್ಕ ಮನೆಯ ಮುಂದಿನ ಕಟ್ಟೆಯ ಕೆಳಗೆ ಕೂತಿದ್ದಳು, ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು. ನಿಂಬೆವ್ವ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ಸಾವಕ್ಕ, ನಿನ್ನ ಹಕ್ಕಿ ಸತ್ತೈತಿ. ಇವತ್ತ ಮುಂಜಾನೆ, ಬೆಟ್ಟದ ಮ್ಯಾಲೆ."

"ಸುಳ್ಳ."

"ಸುಳ್ಳಲ್ಲ."

ಕೂಸು ಅವಳನ್ನೇ ದಿಟ್ಟಿಸಿ ನೋಡಿತು. ಆಮೇಲೆ ಬಾಯಿ ತೆರೆದು ಅಳತೊಡಗಿತು. ನಿಂಬೆವ್ವ ಕಣ್ಣೊರೆಸಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಆ ಸಣ್ಣ ಮುಂಗೈಯನ್ನು ನಿಂತ ಪಟ್ಟಿಯ ಸಮೇತ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬರುವ ದೀಪಾವಳಿಗೆ ನಿನಗೆ ಇನ್ನೊಂದು ಹಕ್ಕಿ ಕೊಡುತ್ತೇವೆ ಎಂಬ ಮಾತು ದಾಕ್ಷಾಯಣಿಯ ತುಟಿಯವರೆಗೆ ಬಂದಿತ್ತು. ಮಗಳು ತಲೆಯೆತ್ತಿ ಅವಳನ್ನು ನೋಡಿದಳು. ದಾಕ್ಷಾಯಣಿ ಆ ಮಾತನ್ನು ನುಂಗಿಕೊಂಡು ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.